ಕೆಮ್ಮಿನ ಸಿರಪ್ಪೂ ಹೊಸ ಅತ್ತೆಯೂ

ಪೊಳ್ಳಾಚಿ ಬಸ್‌ಸ್ಟ್ಯಾಂಡಿನ ಎದುರಿಗೆ ರಂಗಸಾಮಿಯವರದೊಂದು ಮೆಡಿಕಲ್ ಶಾಪು. ಅಲ್ಲಿ ಮದ್ದು ಕೊಡುತ್ತಿದ್ದ ಚೆನ್ನಕೇಶವನ್ ತಲೆನೋವಿನ ಮಾತ್ರೆಯೊಂದನ್ನು ಗಿರಾಕಿಯ ಕೈಗೆ ಹಾಕುವಷ್ಟರಲ್ಲಿ ತಲೆನೋವು ತಾನಾಗಿಯೇ ಬಿಟ್ಟುಹೋಗುತ್ತದೆ ಎಂದು ಬೀದಿಯವರೆಲ್ಲ ಹೇಳಿ ನಗುತ್ತಿದ್ದರು. ಊಟ ಆಗಿದೆಯೇ, ಹೊಟ್ಟೆಯಲ್ಲಿ ಹುಣ್ಣಿದೆಯೇ, ಬೇರೆ ಏನಾದರೂ ಮಾತ್ರೆ ನುಂಗುತ್ತಿದ್ದೀರಾ ಎಂದೆಲ್ಲ ಕೇಳಿ, ಪೊಟ್ಟಣ ಕಟ್ಟಿ, ಕಟ್ಟಿದ್ದನ್ನು ಬಿಚ್ಚಿ ಹೆಸರನ್ನು ಇನ್ನೊಮ್ಮೆ ನೋಡಿ, ಮತ್ತೆ ಕಟ್ಟುತ್ತಿದ್ದ. ಮನೆಯಲ್ಲಿ ಎಲ್ಲರೂ ಅವನನ್ನು ಕೇಶವ ಎನ್ನುತ್ತಿದ್ದರು. ನೇಕಾರರ ಮಗ. ಹಗಲು ಅಂಗಡಿಯಲ್ಲಿ ದುಡಿದು, ಸಂಜೆ ಟ್ಯುಟೋರಿಯಲ್ ಕಾಲೇಜಿನ ಮರದ ಬೆಂಚಿನ ಮೇಲೆ ಕೂತು, ಮೂರನೆಯ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ಮದ್ದಿನ ಡಬ್ಬಿಯೊಳಗೆ ಮಡಿಸಿಟ್ಟಿರುವ ಇಂಗ್ಲಿಷಿನ ಕಾಗದಗಳನ್ನು ಬೇರೆಯವರು ಬೀಸಾಡಿದರೆ ಅವನು ನಿಘಂಟು ಇಟ್ಟುಕೊಂಡು ಓದುತ್ತಿದ್ದ. ಓದಿದಷ್ಟೂ ಅವನ ಹೆದರಿಕೆ ಹೆಚ್ಚುತ್ತಿತ್ತು. ಜಗತ್ತಿನ ಯಾವ ಮದ್ದೂ ಯಾರನ್ನೂ ಸುಮ್ಮನೆ ಬಿಡುವುದಿಲ್ಲ ಎಂದು ಆ ಕಾಗದಗಳೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದವು.

"ನೀನು ಮದ್ದು ಕೊಡ್ತೀಯೋ, ಜಾತಕ ನೋಡ್ತೀಯೋ?" ಎಂದು ರಂಗಸಾಮಿ ಪೇಪರಿನ ಹಿಂದಿನಿಂದ ತಮಿಳಿನಲ್ಲಿ ಕೇಳುತ್ತಿದ್ದರು. ಆ ಪೇಪರು ಕೆಳಗಿಳಿದದ್ದನ್ನು ಕೇಶವ ಅಷ್ಟಾಗಿ ನೋಡಿರಲಿಲ್ಲ.

ಇಂಥ ಕೇಶವ ಎಂಬತ್ತನಾಲ್ಕನೇ ಇಸವಿಯ ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ, ಅಮಾವಾಸ್ಯೆಯ ದಿನ ಬೆಳಿಗ್ಗೆ, ಕೊಡೀನ್ ಇರುವ ಒಂದು ಸೀಸೆ ಕೆಮ್ಮಿನ ಸಿರಪ್ಪನ್ನು ಒಂದೇ ಒಂದು ಮಾತೂ ಹೇಳದೆ ಕೊಟ್ಟು ಕಳಿಸಿದ.

ಆದದ್ದು ಹೀಗೆ. ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಡಾಕ್ಟರ ಚೀಟಿ ಹಿಡಿದು ಬಂದಳು. ಚೀಟಿಯಲ್ಲಿ ಮಾರಪ್ಪನ್, ವಯಸ್ಸು ಅರವತ್ತೆರಡು, ಒಣಕೆಮ್ಮು ಎಂದಿತ್ತು. ಕೇಶವ ಎಂದಿನಂತೆ ಸೀಸೆಯನ್ನು ಬೆಳಕಿಗೆ ಹಿಡಿದು ತಾರೀಖು ಓದುತ್ತಿದ್ದಾಗ ಆಕೆ ತನ್ನಷ್ಟಕ್ಕೆ ತಾನು ಕನ್ನಡದಲ್ಲಿ, ಈ ಹುಡುಗ ಮುಗಿಸೋದರೊಳಗೆ ನೆಗಮದ ಬಸ್ಸು ಹೋಗಿ ಗೌಂಡರ ತೋಟ ದಾಟಿರ್ತದೆ ಎಂದು ಗೊಣಗಿದಳು. ಕೇಶವನೂ ಗೊತ್ತಿಲ್ಲದೆ ಕನ್ನಡದಲ್ಲೇ, "ಇಗೋ ಆಯ್ತಮ್ಮಾ" ಎಂದುಬಿಟ್ಟ.

ಆಕೆ ಕೈಚೀಲವನ್ನು ಕೌಂಟರಿನ ಮೇಲೆ ಇಟ್ಟಳು.

"ನಮ್ಮೋನಾಪ್ಪಾ ನೀನು? ಯಾವ ಊರು? ಯಾವ ಕುಲ?"

ಇಡೀ ದಿನ ತಮಿಳು ಕೇಳಿ ತಮಿಳು ಆಡುವ ಊರಿನಲ್ಲಿ ಮನೆಮಾತು ಕಿವಿಗೆ ಬಿದ್ದರೆ ಏನಾಗುತ್ತದೆ ಎಂಬುದು ಆ ಕಡೆಯ ಕನ್ನಡದವರಿಗೆ ಮಾತ್ರ ಗೊತ್ತು. ಮೊದಲು ಕುಲ ಕೇಳಬೇಕು. ಕುಲ ಗೊತ್ತಾದರೆ ಅಣ್ಣತಮ್ಮಂದಿರ ಕಡೆಯೋ, ಹೆಣ್ಣು ಕೊಟ್ಟು ತರುವ ಕಡೆಯೋ ಎಂಬುದು ತೀರ್ಮಾನವಾಗುತ್ತದೆ. ಅದು ತೀರ್ಮಾನವಾಗದೆ ಒಬ್ಬರನ್ನೊಬ್ಬರು ಏನೆಂದು ಕರೆಯುವುದು? ಏನೆಂದೂ ಕರೆಯದೆ ಮಾತಾಡುವುದಾದರೂ ಹೇಗೆ? ಕೇಶವ ತನ್ನ ಕುಲ ಹೇಳಿದ. ತಾಯಿಯ ಕುಲ ಹೇಳಿದ. ಅಜ್ಜಿಯ ತಂಗಿಯನ್ನು ಎಲ್ಲಿಗೆ ಕೊಟ್ಟರು ಎಂದು ಹೇಳಿದ. ಆ ತಂಗಿಯ ಓರಗಿತ್ತಿಯ ಮದುವೆಯಲ್ಲಿ ಸಾರು ಸಾಲದೆ ಬಂದದ್ದನ್ನು ಆಕೆಯೇ ನೆನಪಿಸಿ ನಕ್ಕಳು. ಹತ್ತು ನಿಮಿಷದೊಳಗೆ ಎಲ್ಲ ಕೂಡಿ ಬಂತು. ಆಕೆಯ ಗಂಡ ಮಾರಪ್ಪನ್ ಕೇಶವನ ತಾಯಿಯ ಕುಲದವನು, ಆದ್ದರಿಂದ ಮಾಮ. ಕನ್ನಿಯಮ್ಮಾಳ್ ಎಂಬ ಈಕೆ ಆದ್ದರಿಂದ ಅತ್ತೆ. ತಾಯಿ ಹೋಗಿ ಆರು ವರ್ಷವಾಗಿದ್ದ ಕೇಶವನಿಗೆ ಬಸ್‌ಸ್ಟ್ಯಾಂಡಿನ ಎದುರು ಹೀಗೊಬ್ಬ ಅತ್ತೆ ಸಿಕ್ಕಿದ್ದು ಕಣ್ಣು ತುಂಬುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಬಸ್ಸು ಹಾರನ್ ಹೊಡೆಯಿತು. ಕನ್ನಿಯಮ್ಮಾಳ್ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು ಓಡಿದಳು. ಓಡುತ್ತಲೇ ತಿರುಗಿ, ಮೊಮ್ಮಗಳಿಗೂ ಕೆಮ್ಮು ಕಣೋ, ಒಂದೂವರೆ ವರ್ಷದ ಕೂಸು, ಅವಳಿಗೂ ಒಂದು ಪಾಲಾಡೆ ಹುಯ್ದುಬಿಡ್ತೀನಿ ಎಂದು ಕೂಗಿದಳು.

ಕೇಶವ ಕೈ ಬೀಸುತ್ತ, "ಆಗಲಿ ಅತ್ತೇ" ಎಂದ.

ಆಮೇಲೆ ಅವನು ಹಾಡು ಗುನುಗುತ್ತ ಹತ್ತಿಯ ಸುರುಳಿಗಳನ್ನು ಜೋಡಿಸಿದ. ಮೂವರಿಗೆ ಮಾತ್ರೆ ಕೊಟ್ಟ. ಆಮೇಲೆ, ಇಂಥ ಮದ್ದುಗಳನ್ನು ಬರೆದಿಡುವ ರಿಜಿಸ್ಟರು ತೆಗೆದು ಮಾರಪ್ಪನ್ ಹೆಸರು ಬರೆದ, ವಯಸ್ಸು ಬರೆದ. ಮದ್ದಿನ ಹೆಸರು ಬರೆಯುವಾಗ ಪೆನ್ನು ಕಾಗದದ ಮೇಲೆ ನಿಂತುಹೋಯಿತು.

ಪಾಲಾಡೆ ಎಂದರೆ ಮೂತಿಯಿರುವ ಪುಟ್ಟ ಹಿತ್ತಾಳೆ ಬಟ್ಟಲು. ಕೂಸುಗಳಿಗೆ ಹಾಲು, ಮದ್ದು, ಹರಳೆಣ್ಣೆ ಎಲ್ಲವನ್ನೂ ಕುಡಿಸುವುದು ಅದರಿಂದಲೇ. ಎರಡು ಟೀ ಚಮಚ ಸಲೀಸಾಗಿ ಹಿಡಿಯುತ್ತದೆ. ಈ ಸಿರಪ್ಪಾದರೋ ಅಫೀಮಿನ ಬಳಗದ್ದು. ದೊಡ್ಡವರಿಗೇ ಒಂದು ಟೀ ಚಮಚ. ಎರಡು ವರ್ಷ ತುಂಬದ ಮಕ್ಕಳಿಗೆ ಮುಟ್ಟಿಸಲೇಬಾರದು, ಉಸಿರು ನಿಧಾನವಾಗುತ್ತ ಹೋಗಿ ನಿಂತೇಬಿಡಬಹುದು ಎಂದು ಕಾಗದದಲ್ಲಿ ದಪ್ಪ ಅಕ್ಷರದಲ್ಲಿತ್ತು. ಕಾಗದವೂ ಸೀಸೆಯ ಜೊತೆ ಬಸ್ಸಿನಲ್ಲಿ ಹೋಗಿತ್ತು. ಹೋಗಿಯೂ ಏನು? ಅತ್ತೆಗೆ ಓದಲು ಬರುವುದಿಲ್ಲ.

ಕೊಡುವುದಿಲ್ಲವೇನೋ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಅವನು ಅದೇ ಜನರ ನಡುವೆ ಬೆಳೆದವನು. ಮನೆಗೆ ಒಂದು ಸೀಸೆ ಬಂದರೆ ಅದು ಒಬ್ಬರದ್ದು ಎಂಬ ಮಾತೇ ಅಲ್ಲಿಲ್ಲ. ಅವನ ತಾಯಿ ತಮ್ಮನ ಗ್ರೈಪ್ ವಾಟರನ್ನು ತೀರ್ಥದಂತೆ ಎಲ್ಲರ ಅಂಗೈಗೂ ಹಾಕುತ್ತಿದ್ದಳು. ಮಗ್ಗದ ಗುಂಡಿಯಲ್ಲಿ ಕೂತ ಅಪ್ಪನೂ ಕೈ ಚಾಚುತ್ತಿದ್ದ. ಈಗ ಅತ್ತೆಯಂತೂ ಕೇಳಿಯೇ ಹೋಗಿದ್ದಾಳೆ. ಆಗಲಿ ಎಂದವನು ತಾನೇ.

ಹೋಗಿ ರಂಗಸಾಮಿಯವರಿಗೆ ಹೇಳಿದ. ಪೇಪರು ಕೆಳಗಿಳಿಯಿತು.

"ಓಡು" ಎಂದರು ಅವರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಂದೂ ಗಾಬರಿಯಾಗದ ಮನುಷ್ಯ ಓಡು ಎಂದದ್ದರಿಂದ ಕೇಶವ ರಿಜಿಸ್ಟರನ್ನೂ ಮುಚ್ಚದೆ ಓಡಿದ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕಾಯಿತು. ಹತ್ತಿ ಕೂತ ಮೇಲೆ ಹೇಳಬೇಕಾದದ್ದನ್ನೆಲ್ಲ ಬೆರಳು ಮಡಿಸಿ ಲೆಕ್ಕ ಹಾಕಿದ. ಕೂಸಿಗೆ ಬೇಡ. ಇನ್ನೊಬ್ಬರಿಗೆ ಬೇಡ. ಟೀ ಚಮಚದಲ್ಲೇ ಅಳೆಯಬೇಕು. ಕೆಮ್ಮು ಹೆಚ್ಚಾಯಿತೆಂದು ಮದ್ದು ಹೆಚ್ಚಿಸಬಾರದು. ಐದು ದಿನಕ್ಕೆ ನಿಲ್ಲಿಸಬೇಕು. ತೂಕಡಿಕೆ ಬರುತ್ತದೆ. ಮಲ ಕಟ್ಟುತ್ತದೆ. ಸಾರಾಯಿ ಜೊತೆಗೆ ಸೇರಲೇಬಾರದು. ಅಲ್ಲಿಗೆ ಎಂಟಾಯಿತು. ಒಂಬತ್ತನೆಯದೊಂದು ಇತ್ತು ಅನ್ನಿಸಿ ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದ. ಪಕ್ಕದವನು ಇವನು ಜಪ ಮಾಡುತ್ತಿದ್ದಾನೆಂದು ತಿಳಿದು ಕಾಲು ಮಡಿಸಿ ಜಾಗ ಬಿಟ್ಟ.

ನೆಗಮದಲ್ಲಿ ಇಳಿದಾಗಲೇ ಇನ್ನೊಂದು ಸಂಗತಿ ಹೊಳೆದದ್ದು. ಅತ್ತೆಯ ಏಳು ತಲೆಮಾರು ಗೊತ್ತು, ಮನೆ ಯಾವ ಬೀದಿ ಎಂದು ಗೊತ್ತಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕುಪ್ಪಸಾಮಿ ಎಂಬ ಮುದುಕ ನೇಕಾರ ಕೂತಿದ್ದ. ಮಾರಪ್ಪನ್ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಅವನು ಊರಲ್ಲಿ ನಾಲ್ಕು ಮಾರಪ್ಪನ್ ಇದ್ದಾರೆ, ಯಾರು ಬೇಕು ಎಂದ. ಕೆಮ್ಮುವ ಮಾರಪ್ಪನ್ ಎಂದರೆ ನಾಲ್ವರೂ ಕೆಮ್ಮುತ್ತಾರೆ ಎಂದ. ಬೇರೆ ದಾರಿಯಿಲ್ಲದೆ ಕೇಶವ ನಂಟಿನ ಸರಪಳಿಯನ್ನು ಮೊದಲಿನಿಂದ ಬಿಚ್ಚಿದ. ಅದೇ ತಪ್ಪಾಯಿತು. ಕುಪ್ಪಸಾಮಿಯ ಕಣ್ಣು ಅರಳಿದವು. ಕೂರಿಸಿ ಕಾಪಿ ಹೇಳಿದ. ಕೇಶವನ ಅಜ್ಜ ತನ್ನ ಚಿಕ್ಕಪ್ಪನ ಷಡ್ಡಕ ಎಂದು ಹಿಡಿದು, ಅಲ್ಲಿಂದ ಇಳಿದು ಬಂದು, ಸಾವಕಾಶವಾಗಿ ಹೀಗೆಂದ:

"ಹಂಗಾದ್ರೆ ತಂಬಿ, ಕನ್ನಿಯಮ್ಮಾಳ್ ನಿಂಗೆ ಅತ್ತೆ ಆಗಲ್ಲ. ಅಕ್ಕ ಆಗ್ಬೇಕು."

"ಅಕ್ಕನಾಗ್ಲಿ, ಅಜ್ಜಿಯಾಗ್ಲಿ, ಮನೆ ಎಲ್ಲಿ ಹೇಳಿ ದೊಡ್ಡಪ್ಪಾ."

"ಅದೆಂಗೆ ಆಗ್ಲಿ ಅಂತೀಯೆ? ನಾಳೆ ಮದುವೆ ಮಾತು ಬಂದ್ರೆ?"

ಕೇಶವ ಹಬೆಯಾಡುವ ಕಾಪಿಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ. ಮುದುಕ ಅದನ್ನು ಗೌರವವೆಂದೇ ತಿಳಿದು ಕೊನೆಗೂ ಕೈ ತೋರಿಸಿದ. ಪಿಳ್ಳೆಯಾರ್ ಕೋವಿಲಿನ, ಅಂದರೆ ಗಣಪತಿ ಗುಡಿಯ ಹಿಂದೆ, ಹಸಿರು ಬಾಗಿಲು.

ಬೀದಿಗೆ ತಿರುಗಿದವನು ನಿಂತುಬಿಟ್ಟ. ಎರಡೂ ಕಡೆ ನೇಕಾರರ ಮನೆ, ಆದರೆ ಒಂದು ಮಗ್ಗದ ಸದ್ದೂ ಇಲ್ಲ. ಮಟಮಟ ಮಧ್ಯಾಹ್ನ ಜಗಲಿಗಳ ಮೇಲೆ ಅಲ್ಲಿಬ್ಬರು ಇಲ್ಲಿಬ್ಬರು ಕೈಕಾಲು ಚೆಲ್ಲಿ ಮಲಗಿದ್ದಾರೆ. ಅತ್ತೆ ಮನೆಗೆ ಮಾತ್ರವಲ್ಲ, ಇಡೀ ಬೀದಿಗೇ ಪಾಲಾಡೆಯಲ್ಲಿ ಹಂಚಿಬಿಟ್ಟಿದ್ದಾಳೆ ಎಂದುಕೊಂಡ ಕೇಶವ. ಮೊದಲನೆಯ ಜಗಲಿಯವನ ಮೂಗಿನ ಬಳಿ ಬೆರಳಿಟ್ಟ. ಅವನು ಕಣ್ಣು ಬಿಟ್ಟು, ಅಮಾವಾಸ್ಯೆ ದಿನವಾದರೂ ಮನುಷ್ಯನನ್ನು ಮಲಗಲು ಬಿಡಬಾರದೇ ಎಂದು ಬೈದ. ಅಮಾವಾಸ್ಯೆ. ಮಗ್ಗಕ್ಕೆ ರಜೆ. ಮಗ್ಗದ ಪಕ್ಕದಲ್ಲೇ ಹುಟ್ಟಿದ ತನಗೆ ಇದು ಮರೆತುಹೋಯಿತಲ್ಲ ಎಂದು ನಾಚಿಕೆಪಟ್ಟುಕೊಳ್ಳಲೂ ಪುರುಸೊತ್ತಿಲ್ಲದೆ ಅವನು ಹಸಿರು ಬಾಗಿಲಿಗೆ ಓಡಿದ.

ಅಲ್ಲಿಯ ಜಗಲಿಯಲ್ಲೂ ಒಬ್ಬರು ಬಾಯಿ ತೆರೆದು ಮಲಗಿದ್ದರು. ಮಾರಪ್ಪನ್ ಮಾಮನೇ ಇರಬೇಕು. ಎದೆ ಸರಿಯಾಗಿ ಏರಿಳಿಯುತ್ತಿತ್ತು. ಭುಜ ಅಲುಗಿಸಿದರೆ ಒಂದು ಕಣ್ಣು ತೆರೆದು, ಒಂದು ಪಾಲಾಡೆ ಕುಡಿದೆ, ಬಹಳ ಸೊಗಸಾದ ಮದ್ದು ಎಂದು ಹೇಳಿ ಮುಚ್ಚಿಕೊಂಡರು.

ಒಳಗೆ ಮಗ್ಗದ ಪಕ್ಕ ಸೊಸೆ ಈಶ್ವರಿ ಕಾಲು ನೀಡಿ ಕೂತಿದ್ದಳು. ಕಾಲಿನ ಮೇಲೆ ಕೂಸು. ಕೂಸಿನ ಎರಡೂ ಕೈಗಳನ್ನು ಈಶ್ವರಿ ಹಿಡಿದಿದ್ದಳು. ಕನ್ನಿಯಮ್ಮಾಳ್ ಒಂದು ಕೈಯಲ್ಲಿ ಕೂಸಿನ ಗಲ್ಲ ಒತ್ತಿ, ಇನ್ನೊಂದು ಕೈಯಲ್ಲಿ ಪಾಲಾಡೆಯ ಮೂತಿಯನ್ನು ತುಟಿಗೆ ತಂದಿದ್ದಳು.

ಬಸ್ಸಿನಲ್ಲಿ ಬೆರಳು ಮಡಿಸಿ ಕಲಿತ ಎಂಟು ಮಾತುಗಳಲ್ಲಿ ಒಂದೂ ಕೇಶವನ ಬಾಯಿಗೆ ಬರಲಿಲ್ಲ. ಚಪ್ಪಲಿ ಸಮೇತ ಒಳಗೆ ನುಗ್ಗಿ ಅತ್ತೆಯ ಕೈಯಿಂದ ಪಾಲಾಡೆಯನ್ನು ಕಿತ್ತುಕೊಂಡ.

"ಕೊಟ್ರಾ? ಕೂಸಿಗೆ ಮೊದಲೇ ಕೊಟ್ರಾ?"

ಇಲ್ಲ ಎಂದಳು ಈಶ್ವರಿ. ಅವನು ಇನ್ನೆರಡು ಸಲ ಕೇಳಿದ. ಈಗಷ್ಟೇ ನಿದ್ದೆಯಿಂದ ಎದ್ದಳು, ಎದ್ದ ಮೇಲೆ ಕೊಡೋಣ ಅಂತ ಕಾಯುತ್ತಿದ್ದೆವು ಎಂದಳು. ಕೇಶವನಿಗೆ ಅಳು ಬಂದಂತಾಯಿತು.

ಕನ್ನಿಯಮ್ಮಾಳ್ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು.

"ಏನಪ್ಪಾ ಇದು? ಬೆಳಿಗ್ಗೆ ನೀನೇ ತಾನೇ ಆಗಲಿ ಅತ್ತೆ ಅಂದೆ? ಈಗ ಬಂದು ಮನೆಯೊಳಗೆ ಚಪ್ಪಲಿ ಹಾಕ್ಕೊಂಡು ಕೈಯಿಂದ ಕಿತ್ಕೋತೀಯೆ?"

"ಅದು ಮಾಮನಿಗೆ ಮಾತ್ರ ಅತ್ತೆ. ಕೂಸಿಗೆ ಆಗೋದಿಲ್ಲ."

"ಮಾಮನ ಕೆಮ್ಮು ಬೇರೆ, ಕೂಸಿನ ಕೆಮ್ಮು ಬೇರೆಯಾ? ಒಂದೇ ಮನೇಲಿ ಇರೋದಲ್ವಾ? ಕೊಡು ಇಲ್ಲಿ."

ಆಕೆ ಕೈ ಚಾಚಿದಳು. ಹಿರಿಯರು ಚಾಚಿದ ಕೈಗೆ ಇಲ್ಲವೆಂದು ಕೇಶವ ಈವರೆಗೆ ಹೇಳಿದವನಲ್ಲ. ಅಂಗಳಕ್ಕೆ ಚೆಲ್ಲೋಣವೆಂದು ತಿರುಗಿದರೆ, ಎರೆದ ಮದ್ದು ನೆಲಕ್ಕೆ ಬಿದ್ದರೆ ಮನೆಯ ಕೆಮ್ಮು ಮನೆ ಬಿಡುವುದಿಲ್ಲ ಎಂದು ಅತ್ತೆ ಅಡ್ಡ ಬಂದಳು. ಕೊಡುವಂತಿಲ್ಲ, ಚೆಲ್ಲುವಂತಿಲ್ಲ. ಅತ್ತೆಯ ಬೆರಳು ಪಾಲಾಡೆಗೆ ತಾಕಿತು. ಕೇಶವ ಅದನ್ನೆತ್ತಿ ತನ್ನ ಬಾಯಿಗೇ ಸುರಿದುಕೊಂಡ.

ಕೂಸು ಕೂಡ ಅಳು ನಿಲ್ಲಿಸಿ ಅವನನ್ನು ನೋಡಿತು.

ನುಂಗಿದ ಮೇಲೆ ಅವನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಇನ್ನೊಬ್ಬರ ಹೆಸರಿನ ಮದ್ದನ್ನು ಕುಡಿಯಬಾರದು ಎಂಬ ಎರಡನೆಯ ಬೆರಳನ್ನು ತಾನೇ ಮುರಿದಿದ್ದ. ಎರಡು ಚಮಚ, ಖಾಲಿ ಹೊಟ್ಟೆ. ಅವಸರದಲ್ಲಿ ಒಂದು ಕಾಪಿ ಬಿಟ್ಟರೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಜೀವಕ್ಕೆ ಅಪಾಯವಿಲ್ಲ ಎಂದು ಲೆಕ್ಕ ಹೇಳಿತು. ಲೆಕ್ಕದ ಮೇಲೆ ಅವನಿಗೆ ಅಷ್ಟು ನಂಬಿಕೆಯಿರಲಿಲ್ಲ. ಇನ್ನು ಅರ್ಧ ಗಂಟೆಯಲ್ಲಿ ತನಗೆ ತೂಕಡಿಕೆ ಬರುತ್ತದೆ, ಅದರೊಳಗೆ ಎಲ್ಲವನ್ನೂ ಹೇಳಿ ಮುಗಿಸಬೇಕು ಎಂದು ಚಪ್ಪಲಿ ಬಿಚ್ಚಿ, ಗೋಡೆಗೊರಗಿ, ಮಾಮನನ್ನೂ ಒಳಗೆ ಕರೆಸಿ, ಶುರು ಮಾಡಿದ.

ಚಮಚದ ಮಾತಿಗೆ ಯಾರೂ ತಕರಾರು ಮಾಡಲಿಲ್ಲ. ಮಲ ಕಟ್ಟುತ್ತದೆ, ನೀರು ಹೆಚ್ಚು ಕುಡಿಯಿರಿ ಎಂದಾಗ ಮಾಮ ನಾಳೆಗೆ ನೋಡಿಕೊಳ್ಳೋಣ ಎಂದರು. ಪಾಲಾಡೆ ತುಂಬ ಕುಡಿದಿರುವುದರಿಂದ ಈ ಹೊತ್ತಿನದ್ದು ಆಯಿತು, ಇನ್ನು ರಾತ್ರಿ ಮಲಗುವಾಗ ಒಂದೇ ಚಮಚ ಎಂದದ್ದಕ್ಕೂ ಒಪ್ಪಿದರು. ಮದ್ದು ಮುಗಿಯುವವರೆಗೆ ಸಾರಾಯಿ ಅಂಗಡಿಯ ಕಡೆ ಹೋಗಬಾರದು, ಎರಡೂ ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು ಎಂದಾಗ ಮಾತ್ರ ಅವರ ಎರಡೂ ಕಣ್ಣು ತೆರೆದವು. ಇವತ್ತು ಅಮಾವಾಸ್ಯೆ, ತಿಂಗಳಿಗೊಂದೇ ಅಮಾವಾಸ್ಯೆ ಎಂದು ಅವರು ಬಹಳ ನೋವಿನಿಂದ ಹೇಳಿದರು. ಕನ್ನಿಯಮ್ಮಾಳ್ ಮೊಟ್ಟಮೊದಲ ಬಾರಿಗೆ ಹತ್ತಿರ ಸರಿದು ಕೂತಳು. ಈ ಮದ್ದನ್ನು ಐದೇ ದಿನಕ್ಕೆ ಯಾಕೆ ಬರೆದರು, ಒಂದು ವರ್ಷಕ್ಕೆ ಬರೆಯಬಹುದಿತ್ತಲ್ಲ ಎಂದು ಕೇಳಿದಳು.

ಕೂಸಿನ ವಿಷಯಕ್ಕೆ ಬರುವಾಗ ಕೇಶವನ ನಾಲಿಗೆ ದಪ್ಪವಾಗುತ್ತಿತ್ತು. ಅರ್ಧ ಮದ್ದು, ಅರ್ಧ ಓಡಿಬಂದ ಸುಸ್ತು. ದೊಡ್ಡವರಿಗೆ ತೂಕಡಿಕೆ ಬಂದಂತೆ ಕೂಸಿಗೂ ಬರುತ್ತದೆ, ಆದರೆ ಕೂಸು ಅಲ್ಲಿಗೇ ನಿಲ್ಲುವುದಿಲ್ಲ, ನಿದ್ದೆಯೊಳಗೆ ಉಸಿರಾಡುವುದನ್ನೇ ಮರೆಯುತ್ತದೆ, ಅದಕ್ಕೇ ಉಸಿರು ಎಣಿಸಬೇಕು, ಎಣಿಸುತ್ತ ಇರಬೇಕು ಎಂದು ಹೇಳುತ್ತ ಹೇಳುತ್ತ, ಎಣಿಸಬೇಕು ಎಂಬ ಮಾತನ್ನು ಮೂರು ಸಲ ಆಡಿ, ಪಕ್ಕಕ್ಕೆ ವಾಲಿ, ನೂಲಿನ ಮೂಟೆಯ ಮೇಲೆ ತಲೆಯಿಟ್ಟು ನಿದ್ದೆಹೋದ.

ಎಚ್ಚರವಾದಾಗ ಬಿಸಿಲು ಅಂಗಳದ ಆಚೆ ಗೋಡೆ ಹತ್ತಿತ್ತು. ತಲೆಯ ಕೆಳಗೆ ಯಾರೋ ಮಡಿಸಿದ ಸೀರೆ ಇಟ್ಟಿದ್ದರು. ಬಾಯಿ ಒಣಗಿ ಹತ್ತಿಯಂತಾಗಿತ್ತು. ಮೂಗಿನಿಂದ ಒಂದು ಗೇಣು ದೂರದಲ್ಲಿ ಅತ್ತೆಯ ಮುಖ. ಆಕೆ ತುಟಿ ಅಲುಗಿಸುತ್ತ ಏನೋ ಎಣಿಸುತ್ತಿದ್ದಳು. ಕೈಯಲ್ಲೊಂದು ನೂಲಿನ ಎಳೆ. ಅದರ ತುಂಬ ಸಣ್ಣ ಸಣ್ಣ ಗಂಟು.

"ಏನತ್ತೆ ಇದು?"

"ಹತ್ತು ಉಸಿರಿಗೆ ಒಂದು ಗಂಟು ಹಾಕ್ತಾ ಬಂದೆ." ಆಕೆಯ ದನಿ ಬೆಳಗಿನದ್ದಾಗಿರಲಿಲ್ಲ. "ನಡುವೆ ಒಂದು ಸಲ ನಿಧಾನ ಆದಂಗಾಯ್ತು. ಮುಖಕ್ಕೆ ನೀರು ಹಾಕ್ದೆ. ಎದ್ದು ಅಮ್ಮಾ ಅಂದು ಮತ್ತೆ ಮಲಗ್ದೆ."

ಮದುವೆ ಸೀರೆಯ ಎಳೆ ಎಣಿಸುವಾಗಲೂ ತನ್ನ ಹೆಂಡತಿ ಹೀಗೆ ಕೂತವಳಲ್ಲ, ಎರಡು ಗಂಟೆಯಿಂದ ಅಲ್ಲಾಡಿಲ್ಲ, ಒಬ್ಬರನ್ನೂ ಮಾತಾಡಲು ಬಿಟ್ಟಿಲ್ಲ ಎಂದು ಮಾಮ ದೂರಿದರು. ಕನ್ನಿಯಮ್ಮಾಳ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಶ್ವರಿಯ ತೊಡೆಯ ಮೇಲೆ ಕೂಸು ನೂಲು ಸುತ್ತುವ ಉರುಳೆ ಹಿಡಿದು ನೆಲಕ್ಕೆ ಬಡಿಯುತ್ತಿತ್ತು. ಆಕೆ ಅದನ್ನು ನೋಡಿದಳು, ಎತ್ತಿನಂಥ ಕೇಶವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮತ್ತೆ ಕೂಸನ್ನು ನೋಡಿದಳು.

"ಇದರ ಬಾಯಿಗೆ ಇಟ್ಟಿದ್ದೆನಲ್ಲಪ್ಪಾ" ಎಂದಳು.

ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೇಶವ, ತಪ್ಪು ನನ್ನದು ಅತ್ತೆ, ನಾನೇ ಆಗಲಿ ಅಂದದ್ದು ಎಂದ. ಆಕೆ ಸೆರಗಿನೊಳಗಿಂದಲೇ, ಅದೂ ನಿಜ ಎಂದಳು.

ಅತ್ತು ಮುಗಿದ ಮೇಲೆ ಆಕೆ ಕೈಗೆ ಕೆಲಸ ಹಚ್ಚಿಕೊಂಡಳು. ಸೀಸೆ ಎತ್ತಿ ಬೆಳಕಿಗೆ ಹಿಡಿದು, ಉಳಿದ ಮದ್ದಿನ ಮಟ್ಟಕ್ಕೆ ಸರಿಯಾಗಿ ಕೆಂಪು ನೂಲು ಬಿಗಿದು ಕಟ್ಟಿದಳು. ಅದರ ಕೆಳಗೆ, ಒಂದೊಂದು ಚಮಚಕ್ಕೆ ಎಷ್ಟು ಇಳಿಯುತ್ತದೆ ಎಂದು ಕೇಶವನನ್ನು ಕೇಳಿ ಕೇಳಿ, ಐದು ದಿನದ ಲೆಕ್ಕಕ್ಕೆ ಸಾಲಾಗಿ ನೂಲು ಕಟ್ಟಿದಳು. ಸೀಸೆ ಸೀರೆಯ ಅಂಚಿನಂತೆ ಕಾಣತೊಡಗಿತು. ನೂಲು ಬಿಟ್ಟು ಒಂದು ಕೂದಲೆಳೆ ಕೆಳಗಿಳಿದರೂ ನನಗೆ ಗೊತ್ತಾಗುತ್ತದೆ ಎಂದು ಗಂಡನಿಗೆ ಹೇಳಿ, ಅದನ್ನು ಕೂಸಿನ ಕೈಗೂ ಮಾಮನ ಕೈಗೂ ಎಟುಕದ ಅಟ್ಟದ ಮೇಲೆ, ನೂಲು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಐದು ದಿನದ ಮೇಲೆ ಉಳಿದದ್ದನ್ನು ಅಂಗಡಿಗೆ ತಂದುಕೊಡಿ ಎಂದ ಕೇಶವ. ಬಸ್ಸಿನಲ್ಲಿ ಮರೆತಿದ್ದ ಒಂಬತ್ತನೆಯದು ಅದೇ. ಚೆಲ್ಲುವ ಹಾಗಿಲ್ಲವಲ್ಲ ಎಂದು ಅತ್ತೆ ತಕ್ಷಣ ಒಪ್ಪಿದಳು.

ಆದರೆ ಕೂಸಿನ ಕೆಮ್ಮು ಕೆಮ್ಮಾಗಿಯೇ ಉಳಿದಿತ್ತು. ಒಂದು ವಾರದ್ದು, ಮೂಗೂ ಕಟ್ಟಿತ್ತು. ಹಾಗಾದರೆ ಇದಕ್ಕೆ ಏನು ಕೊಡಲಿ ಎಂದು ಅತ್ತೆ ಕೇಳಿದಾಗ ಕೇಶವನ ಬಾಯಿಗೆ ಮೂರು ಮದ್ದಿನ ಹೆಸರು ಬಂದವು. ಮೂರನ್ನೂ ನುಂಗಿಕೊಂಡ. ಬೆಳಿಗ್ಗೆ ಹೇಳದೆ ಕೆಡಿಸಿದ್ದಾಯಿತು, ಈಗ ತಿಳಿಯದ್ದನ್ನು ಹೇಳಿ ಕೆಡಿಸುವುದು ಬೇಡ ಅನ್ನಿಸಿತು.

"ನಂಗೆ ಗೊತ್ತಿಲ್ಲ ಅತ್ತೆ. ಡಾಕ್ಟರು ಎದೆ ನೋಡಿ ಹೇಳ್ಬೇಕು. ಐದೂವರೆ ಬಸ್ಸಿಗೆ ಹೋದ್ರೆ ಇರ್ತಾರೆ."

ಇಷ್ಟೆಲ್ಲ ಓದಿಯೂ ಗೊತ್ತಿಲ್ಲವೇ ಎಂದು ಆಕೆ ಕೇಳಬಹುದೆಂದು ಅವನು ಕಾದ. ಆಕೆ ಕೇಳಲಿಲ್ಲ. ಸೊಸೆಗೆ ಹೊರಡು ಎಂದಳು, ತಾನೂ ಹೊರಟಳು.

ಬಸ್ಸಿನಲ್ಲಿ ಕೂಸು ಕೇಶವನ ತೊಡೆಯ ಮೇಲೆ ಕೂತಿತು. ಬೇರೆ ಯಾರ ಬಳಿಯೂ ಹೋಗಲಿಲ್ಲ. ತನ್ನ ಮದ್ದನ್ನು ಕಿತ್ತು ಕುಡಿದವನ ಮೇಲೆ ಅದಕ್ಕೆ ವಿಶೇಷ ಕುತೂಹಲ. ಅವನಿಗಿನ್ನೂ ರೆಪ್ಪೆ ಭಾರವಾಗಿತ್ತು. ತೂಕಡಿಸಿದಾಗಲೆಲ್ಲ ಅದು ಅವನ ಕನ್ನಡಕ ಎಳೆದು ಎಬ್ಬಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಕಂಡಕ್ಟರನ ಕುಲ ವಿಚಾರಿಸುತ್ತಿದ್ದಳು.

ಡಾಕ್ಟರ ಮನೆಯ ಬೆಂಚಿನ ಮೇಲೆ ಕಾದು ಕೂತು, ಒಳಗೆ ಹೋಗಿ, ಆದದ್ದನ್ನೆಲ್ಲ ಕೇಶವನೇ ಹೇಳಿದ. ಒಂದನ್ನೂ ಬಿಡಲಿಲ್ಲ, ಪಾಲಾಡೆ ಕುಡಿದದ್ದನ್ನೂ. ಡಾಕ್ಟರು ಕೂಸಿನ ಎದೆಗೆ ಬೆನ್ನಿಗೆ ಕೊಳವೆಯಿಟ್ಟು ಕೇಳಿ, ಎದೆ ಚೊಕ್ಕವಾಗಿದೆ, ಬರೀ ಶೀತ, ಮೂಗಿಗೆ ಉಪ್ಪುನೀರಿನ ಹನಿ ಸಾಕು, ಕೆಮ್ಮಿಗೆ ಏನೂ ಬೇಡ, ಕೆಮ್ಮಲಿ ಎಂದರು. ಆಮೇಲೆ ಕೇಶವನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಇವತ್ತು ಸೈಕಲ್ ಹತ್ತಬೇಡ, ಎರಡು ದಿನ ಬಾಳೆಹಣ್ಣು ತಿನ್ನು ಎಂದರು.

ಹೊರಗೆ ಬರುವಾಗ ಕೂಸು ಅವನ ಹೆಗಲ ಮೇಲೆ ಇತ್ತು. ಮೆಟ್ಟಿಲಿಳಿಯುತ್ತಿದ್ದಂತೆ ಅದಕ್ಕೆ ಕೆಮ್ಮು ಬಂತು. ಮುಖ ಕೆಂಪಾಗುವಷ್ಟು ಜೋರಾಗಿ, ನೇರ ಅವನ ಕನ್ನಡಕದ ಮೇಲೆಯೇ ಕೆಮ್ಮಿತು. ಈಶ್ವರಿ ಗಾಬರಿಯಾಗಿ ಎತ್ತಿಕೊಳ್ಳಲು ಕೈ ಚಾಚಿದಳು. ಕೇಶವ ಬೇಡವೆಂದು ತಲೆಯಲ್ಲಾಡಿಸಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕೂಸಿಗೆ ಅನುಕೂಲವಾಗುವಂತೆ ಮುಖವನ್ನು ಇನ್ನಷ್ಟು ಹತ್ತಿರ ತಂದ.